ದೊಡ್ಡಕ್ಕನ ಮೂರು ದಿನದ ಪಥ್ಯ

ಗಾಜಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವಳಾಗಿದ್ದ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಕಾರ್ಖಾನೆಯ ಯಜಮಾನನಿಗೂ ಅವಳು ದೊಡ್ಡಕ್ಕ, ಗೇಟು ಕಾಯುವವನಿಗೂ ದೊಡ್ಡಕ್ಕ. ಆಳು ನೋಡಿದರೆ ಗಿಡ್ಡ. ದೊಡ್ಡ ಹಂಡೆಯೊಳಗೆ ಇಣುಕಬೇಕಾದರೆ ಕಾಲ ಕೆಳಗೆ ಮರದ ಹಲಗೆ ಬೇಕಿತ್ತು. ಆದರೆ ಇನ್ನೂರ ಎಂಬತ್ತು ಜನರ ಮಧ್ಯಾಹ್ನದ ಊಟ ಮೂವತ್ತೊಂದು ವರ್ಷಗಳಲ್ಲಿ ಒಂದು ದಿನವೂ ತಡವಾಗಿರಲಿಲ್ಲ. ಒಲೆ ಕೆಟ್ಟ ದಿನವೂ ಆಗಿರಲಿಲ್ಲ, ನಲ್ಲಿಯಲ್ಲಿ ನೀರು ಬಾರದ ದಿನವೂ ಆಗಿರಲಿಲ್ಲ. ಅದೊಂದು ವಿಷಯಕ್ಕೆ ಅವಳಿಗೆ ಕೊಂಚ ಹಮ್ಮು ಇತ್ತು. ಇದ್ದರೇನು, ದುಡಿದು ಸಂಪಾದಿಸಿಕೊಂಡ ಹಮ್ಮು.

ಅಂಥವಳು ಐವತ್ತಾರನೆಯ ವಯಸ್ಸಿನಲ್ಲಿ ಒಂದು ಗುರುವಾರ ಸಂಜೆ ಆಸ್ಪತ್ರೆಯ ಎರಡನೇ ಮಹಡಿಯ ಬೆಂಚಿನ ಮೇಲೆ ಕೂತು, ನರ್ಸ್ ಕೊಟ್ಟ ಹಾಳೆಯೊಂದನ್ನು ಕನ್ನಡಕ ಏರಿಸಿಕೊಂಡು ಓದುತ್ತಿದ್ದಳು. ಮುಂದಿನ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳಿಗೆ ಕೊಲೊನೊಸ್ಕೋಪಿ. ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆಯನ್ನು ಹಿಂದಿನಿಂದ ಒಳಗೆ ಬಿಟ್ಟು ದೊಡ್ಡ ಕರುಳನ್ನು ಉದ್ದಕ್ಕೂ ನೋಡುತ್ತಾರೆ. ಹಾಗೆ ನೋಡಬೇಕಾದರೆ ಕರುಳಿನಲ್ಲಿ ಏನೂ ಉಳಿದಿರಬಾರದು.

"ಶನಿವಾರದಿಂದ ಬೀಜ, ಸಿಪ್ಪೆ, ಸೊಪ್ಪು, ಹಸಿ ತರಕಾರಿ ಯಾವುದೂ ಬೇಡ. ಸೋಮವಾರ ಪೂರ್ತಿ ಬರೀ ತಿಳಿಯಾಗಿರೋ ದ್ರವ. ಕೆಂಪು ಬಣ್ಣದ್ದು ಕುಡೀಬೇಡಿ. ಸೋಮವಾರ ಸಂಜೆ ಆರಕ್ಕೆ ಒಂದು ಲೀಟರ್ ಔಷಧಿ, ಮಂಗಳವಾರ ಬೆಳಿಗ್ಗೆ ಐದಕ್ಕೆ ಇನ್ನೊಂದು ಲೀಟರ್. ಅರ್ಥ ಆಯ್ತಾ ಅಮ್ಮ?" ನರ್ಸ್ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

"ಆಯ್ತು. ಆದ್ರೂ ಇನ್ನೊಂದು ಸಲ ಹೇಳಿ."

ನರ್ಸ್ ಮತ್ತೆ ಹೇಳಿದಳು. ಹೇಳಿ, "ನೀವಾದ್ರೂ ಕೇಳಿದ್ರಿ. ಎಷ್ಟು ಹೇಳಿದ್ರೂ ನಾಲ್ಕರಲ್ಲಿ ಒಬ್ರು ಸರಿಯಾಗಿ ಮಾಡ್ಕೊಂಡು ಬರಲ್ಲ. ಒಳಗೆ ಏನೂ ಕಾಣಲ್ಲ, ವಾಪಸ್ ಕಳಿಸ್ಬೇಕಾಗುತ್ತೆ," ಎಂದು ನಿಟ್ಟುಸಿರು ಬಿಟ್ಟಳು.

ದೊಡ್ಡಕ್ಕನ ಕಿವಿ ನೆಟ್ಟಗಾಯಿತು. "ನೋಡಮ್ಮ, ನಾನು ಅಡುಗೆಯವಳು. ಊಟದ ವಿಷಯದಲ್ಲಿ ನನ್ನನ್ನ ಇದುವರೆಗೂ ಯಾರೂ ವಾಪಸ್ ಕಳಿಸಿಲ್ಲ. ನೀವೂ ಕಳಿಸಲ್ಲ," ಎಂದು ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲದೊಳಗೆ ಇಟ್ಟುಕೊಂಡಳು.

ಅವಳಿಗೆ ಹೊಟ್ಟೆನೋವಿರಲಿಲ್ಲ, ಬೇರೆ ತೊಂದರೆಯೂ ಇರಲಿಲ್ಲ. ಅವಳನ್ನು ಅಲ್ಲಿಗೆ ಕಳಿಸಿದ್ದು ಅಣ್ಣನ ಸಾವು. ಅಣ್ಣ ಅಂಚೆ ಹಂಚುತ್ತಿದ್ದವನು, ದಿನಕ್ಕೆ ಹತ್ತು ಮೈಲಿ ಸೈಕಲ್ ತುಳಿಯುತ್ತಿದ್ದವನು. ಎರಡು ವರ್ಷ ಮಲದಲ್ಲಿ ರಕ್ತ ಹೋಗುತ್ತಿದ್ದರೂ ತುಟಿ ಪಿಟಕ್ಕೆಂದಿರಲಿಲ್ಲ. ಸೈಕಲ್ಲಿನ ಸೀಟಿನಿಂದ ಹೀಗಾಗಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಗೊತ್ತಾಗುವ ಹೊತ್ತಿಗೆ ಕ್ಯಾನ್ಸರ್ ಕರುಳು ದಾಟಿ ಪಿತ್ತಜನಕಾಂಗಕ್ಕೆ ಹೋಗಿತ್ತು. ಕೊನೆಕೊನೆಗೆ, ಅವಳು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಾಗ, "ಹೇಳೋಕೆ ನಾಚಿಕೆ ಆಯ್ತು ಕಣೆ. ಅಲ್ಲೆಲ್ಲ ನೋಡ್ತಾರಲ್ಲ ಅಂತ," ಎಂದಿದ್ದ. ಅವನು ತೀರಿಕೊಂಡ ಮೇಲೆ ಡಾಕ್ಟರು ಒಡಹುಟ್ಟಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದಿದ್ದರು. ಒಡಹುಟ್ಟಿದವರೆಂದರೆ ಉಳಿದವರಿಬ್ಬರೇ: ದೊಡ್ಡಕ್ಕ, ಮತ್ತೆ ಪರದೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ಅವಳ ತಂಗಿ. ತಂಗಿಯದು ಒಂದೇ ಮಾತು. "ಮೊದಲು ನೀನು ಮಾಡಿಸ್ಕೊ ಅಕ್ಕ, ಆಮೇಲೆ ನೋಡೋಣ." ಆ ಆಮೇಲೆ ಎನ್ನುವುದು ಯಾವತ್ತೂ ಬರುವುದಿಲ್ಲ ಎಂದು ಅವಳ ದನಿಯೇ ಹೇಳುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಕ್ಯಾಂಟೀನಿಗೆ ಬಂದವಳೇ ದೊಡ್ಡಕ್ಕ ಮಾಡಿದ ಮೊದಲ ಕೆಲಸ ಎಂದರೆ, ಆ ಹಾಳೆಯ ನಕಲನ್ನು ದಿನದ ಊಟದ ಪಟ್ಟಿಯ ಪಕ್ಕದಲ್ಲೇ ಅಂಟಿಸಿದ್ದು. ಮೇಲೆ ತನ್ನ ದುಂಡಕ್ಷರದಲ್ಲಿ, 'ಮಂಗಳವಾರ ನಾನು ಬರುವುದಿಲ್ಲ. ಕಾರಣ ಇದು,' ಎಂದು ಬರೆದಳು.

ಹನ್ನೆರಡೂವರೆಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರೆಲ್ಲ ಓದಿದರು. ಕೆಲವರು ಮೊಣಕೈಯಲ್ಲಿ ತಿವಿದುಕೊಂಡು ನಕ್ಕರು. ಕುಲುಮೆಯ ಕೆಲಸದವನೊಬ್ಬ, "ದೊಡ್ಡಕ್ಕ, ಕ್ಯಾಮೆರಾ ಬಿಡ್ತಾರಂತಲ್ಲ, ತಲೆ ಬಾಚ್ಕೊಂಡು ಹೋಗು ಮತ್ತೆ!" ಎಂದ.

"ಬಾಚ್ಕೊಳ್ತೀನಿ. ಆದ್ರೆ ಅವರು ನೋಡೋ ಕಡೆ ಬಾಚೋಕೆ ಏನೂ ಇಲ್ಲ ಕಣಪ್ಪ," ಎಂದಳು ಅವಳು ಸೌಟು ತಗ್ಗಿಸದೆ. ಇಡೀ ಸಾಲು ಗೊಳ್ಳೆಂದಿತು.

ಉಗ್ರಾಣದ ಮೇಲ್ವಿಚಾರಕ ಮಾತ್ರ ನಗಲಿಲ್ಲ. ತಟ್ಟೆಯನ್ನು ಕೌಂಟರಿನ ಮೇಲೆ ಕುಕ್ಕಿ, "ಊಟ ಮಾಡೋ ಜಾಗದಲ್ಲಿ ಇಂಥದ್ದನ್ನೆಲ್ಲ ಅಂಟಿಸ್ತಾರಾ? ಸ್ವಲ್ಪ ಮರ್ಯಾದೆ ಬೇಡ್ವಾ?" ಎಂದ.

ದೊಡ್ಡಕ್ಕ ಸೌಟನ್ನು ಪಾತ್ರೆಯಲ್ಲಿಟ್ಟು ಕೈ ಒರೆಸಿಕೊಂಡಳು.

"ಸಾರ್, ಮೂವತ್ತೊಂದು ವರ್ಷದಿಂದ ನಿಮ್ಮೆಲ್ಲರ ಹೊಟ್ಟೆ ತುಂಬಿಸ್ತಾ ಇದೀನಿ. ತುಂಬಿಸಿದ್ದು ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಹೇಳೋಕೆ ನಂಗೇನು ನಾಚಿಕೆ? ನಮ್ಮಣ್ಣ ನಾಚ್ಕೊಂಡ. ಐವತ್ತೆಂಟಕ್ಕೇ ಹೋದ. ಮರ್ಯಾದೆ ಅವನನ್ನ ಉಳಿಸಲಿಲ್ಲ."

ಮೇಲ್ವಿಚಾರಕ ತಟ್ಟೆ ಎತ್ತಿಕೊಂಡು ಮೂಲೆಯ ಮೇಜಿಗೆ ಹೋದ. ಹಾಳೆ ಗೋಡೆಯ ಮೇಲೇ ಉಳಿಯಿತು.

ಶನಿವಾರದಿಂದ ಪಥ್ಯ. ಬಿಳಿ ಅನ್ನ, ಸಿಪ್ಪೆ ಸುಲಿದು ಬೇಯಿಸಿದ ಆಲೂಗಡ್ಡೆ, ಮೊಟ್ಟೆಯ ಬಿಳಿ, ಅಂಚು ಕತ್ತರಿಸಿದ ಬ್ರೆಡ್ಡು. ಅಷ್ಟಕ್ಕೇನೂ ಅವಳು ಜಗ್ಗುವವಳಲ್ಲ. ಕಷ್ಟವಾದದ್ದು ರುಚಿ ನೋಡುವುದು. ಕ್ಯಾಂಟೀನಿನ ಪಾತ್ರೆಯಲ್ಲಿ ಕುದಿಯುತ್ತಿದ್ದುದು ಟೊಮೇಟೊ, ಬೀಜದ ಗೂಡು. ಚಮಚದ ತುದಿಯಲ್ಲಿ ಒಂದು ಬೀಜ ಒಳಗೆ ಹೋದರೂ ನರ್ಸ್ ಮುಂದೆ ಆಡಿದ ಮಾತು ಸುಳ್ಳಾಗುತ್ತದೆ. ಸಹಾಯಕಿಯನ್ನು ಕರೆದಳು. ಆರು ವರ್ಷದಿಂದ ತರಕಾರಿ ಹೆಚ್ಚುತ್ತಾ, ಒಮ್ಮೆಯೂ ಉಪ್ಪಿನ ಡಬ್ಬಿ ಮುಟ್ಟದಿದ್ದ ಹೆಂಗಸು ಅವಳು.

"ಇವತ್ತಿಂದ ನೀನೇ ನಾಲಿಗೆ. ಹೇಳು, ಏನು ಕಮ್ಮಿ ಇದೆ?"

ಸಹಾಯಕಿ ನೆಕ್ಕಿ ನೋಡಿ, "ಚೆನ್ನಾಗಿದೆ ದೊಡ್ಡಕ್ಕ," ಎಂದಳು ಹೆದರಿ.

"ನನ್ನನ್ನ ಮೆಚ್ಚಿಸೋಕೆ ಹೇಳ್ಬೇಡ. ಇನ್ನೂರ ಎಂಬತ್ತು ಜನ ಕಾಯ್ತಿದಾರೆ. ಏನು ಕಮ್ಮಿ?"

ಸಹಾಯಕಿ ಇನ್ನೊಮ್ಮೆ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿ, "ಹುಳಿ ಮುಂದಾಗಿದೆ. ಉಪ್ಪು ಸಾಲದು," ಎಂದಳು.

ದೊಡ್ಡಕ್ಕ ಹಬೆಗೆ ಮುಖವೊಡ್ಡಿ ಮೂಸಿ ನೋಡಿದಳು. ಅವಳು ಹೇಳಿದ್ದೇ ಸರಿ. "ಮತ್ತೇನು ನೋಡ್ತಾ ನಿಂತಿದೀಯಾ, ಹಾಕು!" ಎಂದು ಗದರಿ, ಉಪ್ಪಿನ ಡಬ್ಬಿಯನ್ನು ಅವಳ ಕಡೆ ತಳ್ಳಿದಳು. ಆವತ್ತು ಯಾರ ತಟ್ಟೆಯಲ್ಲೂ ಏನೂ ಮಿಗಲಿಲ್ಲ.

ಭಾನುವಾರ ತಂಗಿ ಬಂದಳು. ಅಕ್ಕನ ಅಡುಗೆಮನೆಯ ಗೋಡೆಗೆ ಒರಗಿ, ಕೈಕಟ್ಟಿಕೊಂಡು, ಒಲೆಯ ಮೇಲಿನದನ್ನು ನೋಡಿದಳು. ಮಾರನೆಯ ದಿನ ತಿಳಿಯಾದ ದ್ರವವಷ್ಟೇ ಎಂದಿತ್ತು ಹಾಳೆ. ಅಂಗಡಿಯಲ್ಲಿ ಸಿಗುವ ಪೊಟ್ಟಣದ ಸೂಪನ್ನು ದೊಡ್ಡಕ್ಕ ಮುಟ್ಟುತ್ತಾಳೆಯೇ? ಕೋಳಿ ಮೂಳೆಯನ್ನು ಸಣ್ಣ ಉರಿಯಲ್ಲಿ ಮೂರು ಗಂಟೆ ಕಾಯಿಸಿ, ಜಿಡ್ಡೆಲ್ಲ ತೆಗೆದು, ಮಡಿಕೆ ಹಾಕಿದ ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಿದ್ದಳು. ಗಾಜಿನ ಲೋಟಕ್ಕೆ ಸುರಿದು, ಹಿಂದೆ ದಿನಪತ್ರಿಕೆ ಹಿಡಿದು, "ಓದು," ಎಂದಳು ತಂಗಿಗೆ.

ತಂಗಿ ಬಗ್ಗಿ ಓದಿದಳು. "ಬಾಡಿಗೆಗೆ ಮನೆ ಇದೆ, ಎರಡು ಕೋಣೆ, ಬಿಸಿಲು ಚೆನ್ನಾಗಿ..." ಅಲ್ಲಿಗೆ ನಿಲ್ಲಿಸಿ, "ನಿಂಗೆ ಹೆದರಿಕೆ ಆಗಲ್ವಾ ಅಕ್ಕ?" ಎಂದಳು.

ದೊಡ್ಡಕ್ಕ ಲೋಟ ಕೆಳಗಿಟ್ಟಳು. "ಆಗುತ್ತೆ. ಗುರುವಾರದಿಂದ ನಿದ್ದೆ ಸರಿಯಾಗಿಲ್ಲ. ಏನಾದ್ರೂ ಸಿಕ್ಕಿದ್ರೆ ಅಂತ. ಆದ್ರೆ ಅದು ಅಲ್ಲಿ ಇದ್ರೆ ಇದ್ದೇ ಇದೆಯಲ್ಲೇ, ನಾನು ನೋಡದೆ ಇದ್ರೆ ಹೋಗ್ಬಿಡುತ್ತಾ?" ಎಂದು ಸೋಸುವ ಬಟ್ಟೆಯನ್ನು ಹಿಂಡಿ ಒಣಹಾಕಿದಳು. ತಂಗಿ ಹೋಗುವಾಗ ಬಾಗಿಲಲ್ಲಿ ಅಕ್ಕನ ಕೈಯನ್ನು ಸುಮ್ಮನೆ ಹಿಡಿದುಕೊಂಡು ಬಿಟ್ಟಳು.

ಸೋಮವಾರ ಅವಳು ಕೆಲಸಕ್ಕೆ ಹೋದಳು. ಬೇಡವೆಂದು ಗಂಡ ಅಂದ, ಯಜಮಾನನೂ ಅಂದ. ಹಸಿದ ಹೊಟ್ಟೆಯಲ್ಲಿ, ಸೋಸಿದ ಸೂಪು ಮತ್ತು ಹಾಲಿಲ್ಲದ ಟೀ ಕುಡಿದುಕೊಂಡು, ಬಿಸಿ ಬ್ರೆಡ್ಡಿನ ಪರಿಮಳದ ನಡುವೆ ನಿಂತು, ಸಹಾಯಕಿಯ ನಾಲಿಗೆಯನ್ನು ನಂಬಿ ಅಡುಗೆ ಮುಗಿಸಿದಳು. ಬಾಯಿಗೆ ಒಂದು ಅಗುಳು ಹಾಕಲಿಲ್ಲ. ಕೊನೆಯ ತಟ್ಟೆ ಬಡಿಸಿದ ಮೇಲೆ ಯಾರಿಗೂ ಕಾಣದಂತೆ ಉಗ್ರಾಣದ ಬಾಗಿಲಿಗೆ ಒರಗಿ ಎರಡು ನಿಮಿಷ ನಿಂತು, ಎರಡು ಗಂಟೆಯ ಬಸ್ಸು ಹಿಡಿದು ಮನೆಗೆ ಬಂದಳು.

ಮನೆಯಲ್ಲಿ ಗಂಡ ತನ್ನ ಕ್ಷೌರದಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ಬಂದು, ಬಚ್ಚಲನ್ನು ಸಿಂಗರಿಸಿ ಇಟ್ಟಿದ್ದ. ಹೊಸ ಬಲ್ಬು ಹಾಕಿದ್ದ. ಕಿಟಕಿಯ ಕಟ್ಟೆಯ ಮೇಲೆ ರೇಡಿಯೊ, ಮೆತ್ತನೆಯ ಟವೆಲುಗಳು, ತ್ವಚೆ ಉರಿಯದಿರಲೆಂದು ಅಂಗಡಿಯಿಂದ ತಂದ ಮುಲಾಮು. ಬಾಗಿಲ ಚಿಲಕಕ್ಕೂ ಎಣ್ಣೆ ಬಿಟ್ಟಿದ್ದ.

"ಇದೇನ್ರೀ, ಯಾವ ಮಹಾರಾಣಿ ಬರ್ತಾಳೆ?"

"ಬಂದಿದಾಳಲ್ಲ," ಎಂದ ಅವನು. "ನಾನೂ ಇವತ್ತು ಏನೂ ತಿಂದಿಲ್ಲ ಕಣೆ, ನಿನ್ನ ಜೊತೆಗೇ."

ದೊಡ್ಡಕ್ಕ ಅವನ ಮುಖದ ಹತ್ತಿರ ಬಗ್ಗಿ ಒಮ್ಮೆ ಉಸಿರೆಳೆದಳು. "ಬೆಣ್ಣೆ ಸವರಿದ ಬ್ರೆಡ್ಡು. ಎರಡು ತುಂಡು. ಒಂದು ಗಂಟೆ ಆಗಿರಬಹುದು."

ಗಂಡ ತಲೆ ಕೆರೆದುಕೊಂಡ. "ಒಂದೂವರೆ ತುಂಡು," ಎಂದ.

ಆರು ಗಂಟೆಗೆ ಸರಿಯಾಗಿ ಔಷಧಿಯ ಪುಡಿಯನ್ನು ನೀರಿನಲ್ಲಿ ಕದಡಿ ಮೊದಲ ಲೋಟ ಎತ್ತಿದಳು. ಬಾಯಿಗೆ ಹೋದೊಡನೆ ಮುಖ ಹಿಂಡಿತು. "ಯಾರ್ರೀ ಇದನ್ನ ಮಾಡಿದ್ದು? ಮೊದಲು ಉಪ್ಪು ಸುರಿದು, ಆಮೇಲೆ ತಪ್ಪಾಯ್ತು ಅಂತ ಸಕ್ಕರೆ ಸುರಿದಿದಾನೆ. ನನ್ನ ಕೈಕೆಳಗೆ ಇದ್ದಿದ್ರೆ ಒಂದು ದಿನ ಇಟ್ಕೋತಿರಲಿಲ್ಲ!" ಬಯ್ಯುತ್ತಲೇ ಕುಡಿದಳು. ಕಾಲು ಗಂಟೆಗೊಂದು ಲೋಟ, ಗಂಡ ಕೈಗಡಿಯಾರ ನೋಡಿಕೊಂಡು ಹೇಳುತ್ತಿದ್ದ. ಮೂರನೆಯದಕ್ಕೆ ಹೊಟ್ಟೆ ತೊಳಸಿ ಬಂತು, ಹೊರಗೇ ಬಂದುಬಿಡುತ್ತದೆ ಎನಿಸಿತು. ಕಣ್ಣು ಮುಚ್ಚಿ, ಮೂಗು ಹಿಡಿದು, ಬೆನ್ನು ಸೆಟೆಸಿ ಕೂತಳು. ಬರಲಿಲ್ಲ. ನಾಲ್ಕನೆಯದನ್ನೂ ಇಳಿಸಿದಳು.

ಮಿಕ್ಕದ್ದು ಬಚ್ಚಲಿನ ಕಥೆ. ಅದನ್ನು ಉದ್ದ ಮಾಡಬೇಕಾಗಿಲ್ಲ. ಹೊಸ ಬಲ್ಬು ಉಪಯೋಗಕ್ಕೆ ಬಂತು ಎಂದರೆ ಸಾಕು. ಬೆಳಿಗ್ಗೆ ಐದಕ್ಕೆ ಎರಡನೆಯ ಲೀಟರ್. ಪ್ರತಿ ಸಲ ಎದ್ದಾಗಲೂ ಅವಳು ಬಗ್ಗಿ ನೋಡುತ್ತಿದ್ದಳು. ಮೊದಲು ಟೀ ಬಣ್ಣ. "ಇನ್ನೂ ಆಗಿಲ್ಲ," ಎಂದು ಒಳಗಿಂದಲೇ ವರದಿ ಕೊಟ್ಟಳು. ಆಮೇಲೆ ತಿಳಿ ಹಳದಿ. ಏಳೂವರೆಗೆ ಹೊರಬಂದವಳ ಮುಖ ಬಾಡಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. "ರೀ, ಆಯ್ತು. ನೀರು ಅಂದ್ರೆ ನೀರು!"

ಆಸ್ಪತ್ರೆಯಲ್ಲಿ ಅದೇ ನರ್ಸ್ ಇದ್ದಳು. "ಕೊನೇಲಿ ಯಾವ ಬಣ್ಣ ಇತ್ತಮ್ಮ?" ಎಂದಳು ಬರೆದುಕೊಳ್ಳುತ್ತ.

"ನೀರಿನ ಥರ ತಿಳಿ ಹಳದಿ. ಒಂದು ಚೂರೂ ತೇಲ್ತಿರಲಿಲ್ಲ."

ಒಳಗೆ ಎಡಮಗ್ಗುಲಾಗಿ ಮಲಗಿಸಿ ಕೈಗೆ ಸೂಜಿ ಚುಚ್ಚಿದರು. ಆ ಕ್ಷಣ ಅಣ್ಣನ ನೆನಪಾಯಿತು. ಅವನು ಹೆದರಿದ್ದು ಈ ಹಾಸಿಗೆಗೆ, ಈ ಹಸಿರು ನಿಲುವಂಗಿಗೆ. ನೋಡಿದರೆ ಎಲ್ಲರೂ ಅವರವರ ಕೆಲಸದ ಮೇಲೆ ಕಣ್ಣಿಟ್ಟಿದ್ದರು. ಅವಳು ಹಂಡೆಯೊಳಗೆ ಇಣುಕುವಾಗ ಇರುವ ಮುಖವೇ ಅವರದೂ ಆಗಿತ್ತು. ನಾಚಿಕೆಗೆ ಅಲ್ಲಿ ಜಾಗವೇ ಇರಲಿಲ್ಲ. ಹಾಗೆ ಅಂದುಕೊಳ್ಳುತ್ತಿದ್ದಂತೆ ಮಂಪರು ಕವಿಯಿತು.

ಎಚ್ಚರವಾದಾಗ ಪಕ್ಕದಲ್ಲಿ ಗಂಡ ಕೂತಿದ್ದ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು. ಕರುಳಿನ ಗೋಡೆಯಲ್ಲಿ ಎರಡು ಸಣ್ಣ ಗಂಟುಗಳಿದ್ದವು. ಎರಡನ್ನೂ ಕತ್ತರಿಸಿ ತೆಗೆದಾಗಿದೆ. ಒಂದು ಬಟಾಣಿಯಷ್ಟು, ಇನ್ನೊಂದು ಸಾಸಿವೆಗಿಂತ ಚೂರು ದೊಡ್ಡದು, ಮಡಿಕೆಯೊಂದರ ಹಿಂದೆ ಅಡಗಿತ್ತು. ಬಿಟ್ಟಿದ್ದರೆ ವರ್ಷಗಳು ಕಳೆದ ಮೇಲೆ ಕ್ಯಾನ್ಸರ್ ಆಗಬಹುದಾದ ಜಾತಿಯವು ಅನ್ನಿಸುತ್ತದೆ. ಪರೀಕ್ಷೆಗೆ ಕಳಿಸುತ್ತೇವೆ.

"ಆ ಚಿಕ್ಕದು ಕಾಣಿಸಿದ್ದೇ ನಿಮ್ಮಿಂದ," ಎಂದರು ಡಾಕ್ಟರಮ್ಮ. "ಇಷ್ಟು ಸ್ವಚ್ಛವಾದ ಕರುಳನ್ನ ನಾನು ಈ ವರ್ಷ ನೋಡಿಲ್ಲ. ಕನ್ನಡಿ ಥರ ಇತ್ತು."

ದೊಡ್ಡಕ್ಕನ ಜೀವನದಲ್ಲಿ ಹೊಗಳಿಕೆಗೆ ಬರವಿರಲಿಲ್ಲ. ಸಾವಿರಾರು ಜನ ಅವಳ ಊಟ ಉಂಡು ಚಪ್ಪರಿಸಿದ್ದರು. ಆದರೆ ಬರೀ ಹೊಟ್ಟೆಯಲ್ಲಿ, ಕೆದರಿದ ತಲೆಯಲ್ಲಿ ಮಲಗಿದ್ದಾಗ ಸಿಕ್ಕ ಈ ಮಾತು ಅವೆಲ್ಲಕ್ಕಿಂತ ಮೇಲೆನಿಸಿತು. ಗಂಡನ ಕಡೆ ತಿರುಗಿ, "ಕೇಳಿಸ್ತಾ?" ಎಂದಳು. ಅವನಿಗೆ ಮೊದಲ ಸಲವೇ ಕೇಳಿಸಿತ್ತು; ಕಣ್ಣೊರೆಸಿಕೊಳ್ಳುತ್ತಿದ್ದ. ಆದರೂ, "ಇನ್ನೊಂದು ಸಲ ಹೇಳಿ ಡಾಕ್ಟ್ರೇ," ಎಂದ.

ಎರಡು ವಾರದ ಮೇಲೆ ವರದಿ ಬಂತು. ಕ್ಯಾನ್ಸರ್ ಇರಲಿಲ್ಲ. ಮೂರು ವರ್ಷದ ನಂತರ ಮತ್ತೊಮ್ಮೆ ಬರಬೇಕು, ಅಷ್ಟೇ. ಅಷ್ಟರಲ್ಲಿ ಕ್ಯಾಂಟೀನಿನ ಗೋಡೆಯ ಹಾಳೆಯ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಆಸ್ಪತ್ರೆಯ ಫೋನ್ ನಂಬರು ಬರೆದಿದ್ದರು. ಆ ವರ್ಷ ಕಾರ್ಖಾನೆಯಿಂದ ಏಳು ಜನ ಹೋಗಿ ಬಂದರು. ಯಾರ್ಯಾರೆಂದು ದೊಡ್ಡಕ್ಕ ಯಾರಿಗೂ ಹೇಳಲಿಲ್ಲ. ಪಥ್ಯದ ಅಡುಗೆ ಬೇಕೆಂದವರಿಗೆ ಬೇರೆ ಪಾತ್ರೆಯಲ್ಲಿ ಮಾಡಿ, ಹೆಸರು ಬರೆಯದ ಡಬ್ಬಿಯಲ್ಲಿ ಹಿಂಬಾಗಿಲಿನಿಂದ ಕೊಟ್ಟಳು.

ತಂಗಿಯೂ ಬಂದಳು. ಒಂದು ಶನಿವಾರ ಬೆಳಿಗ್ಗೆ ಬಟ್ಟೆಯ ಗಂಟಿನೊಂದಿಗೆ ಅಕ್ಕನ ಬಾಗಿಲಲ್ಲಿ ನಿಂತು, "ಮಂಗಳವಾರಕ್ಕೆ ಬರೆಸಿದೀನಿ. ಮೂರು ದಿನ ನೀನೇ ನೋಡ್ಕೋಬೇಕು. ನಂಗೊಬ್ಬಳಿಗೇ ಆಗಲ್ಲ," ಎಂದಳು.

"ಒಬ್ಬಳೇ ಮಾಡು ಅಂತ ಯಾರು ಹೇಳಿದ್ರು? ಒಳಗೆ ಬಾ," ಎಂದು ದೊಡ್ಡಕ್ಕ ಅವಳ ಕೈಯಿಂದ ಗಂಟನ್ನು ಇಸಿದುಕೊಂಡಳು. ಒಲೆಯ ಮೇಲೆ ಇನ್ಯಾರದೋ ಪಥ್ಯದ ಆಲೂಗಡ್ಡೆ ಆಗಲೇ ಬೇಯುತ್ತಿತ್ತು.