ಅಪ್ಪನ ಕೋಣೆಗೆ ಕೆಂಪು ಗೆರೆ

ನಮ್ಮಣ್ಣನಿಗೆ ಗೆರೆ ಎಳೆಯುವ ಚಟ. ಪಾದ್ರಿಗಳಾಗಲು ಬರುವವರಿಗೆ ಪಾಠ ಹೇಳುವ ಮೇಷ್ಟ್ರು ಅವನು. ಸತ್ಯವೇದದಲ್ಲಿ ಹೋಲಿಕೆ, ಅತಿಶಯೋಕ್ತಿ ಕಂಡಲ್ಲೆಲ್ಲ ಕೆಂಪು ಪೆನ್ಸಿಲ್ಲು ಆಡಿಸುತ್ತಾನೆ. ಕಣ್ಣು ಪಾಪ ಮಾಡಿಸಿದರೆ ಕಿತ್ತು ಬಿಸಾಡು ಎಂದಿದೆಯಲ್ಲ, ಆ ಪಾಠದ ದಿನ ತರಗತಿಯನ್ನು ಒಮ್ಮೆ ದಿಟ್ಟಿಸಿ, "ಎಲ್ಲರಿಗೂ ಎರಡೆರಡು ಕಣ್ಣಿದೆ. ಅಂದ್ರೆ ಇದು ಅತಿಶಯೋಕ್ತಿ ಅಂತ ನಿಮಗೆ ಮೊದಲೇ ಗೊತ್ತಿತ್ತು" ಅನ್ನುತ್ತಾನೆ. ಇಷ್ಟೆಲ್ಲ ತಿಳಿದವನಿಗೆ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎನ್ನುವುದು ಮಾತ್ರ ಗೊತ್ತಿಲ್ಲ.

ಅಮ್ಮ ಹೃದಯದ ಮಾತ್ರೆ ನಿಲ್ಲಿಸಿದಾಗ ನಾನೇ ಅವನನ್ನು ಕರೆಸಿದೆ. ದೇವರೇ ನನ್ನ ಕುರುಬ, ನನಗೇನು ಕೊರತೆ ಎನ್ನುವ ಸತ್ಯವೇದದ ಪದ್ಯ ಹೇಳುತ್ತ ಅವಳು ಊದಿದ ಕಾಲು ಚಾಚಿ ಮಂಚದ ಮೇಲೆ ಕೂತುಬಿಟ್ಟಿದ್ದಳು. ಮಾತ್ರೆ ಬಿಟ್ಟರೆ ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ನಾನು ಬೇಡಿದೆ, ಬೈದೆ, ಅತ್ತೆ. ಕಲ್ಲಿನ ಮುಂದೆ ಹೇಳಿದ ಹಾಗಾಯಿತು.

ಅಣ್ಣ ಬಂದವನೇ ಪೆನ್ಸಿಲ್ಲು ತೆಗೆದ. "ಅಮ್ಮಾ, ದೇವರು ಕುರುಬ ಅಂದ್ಮೇಲೆ ನೀನು ಕುರಿ ಆದೆ. ಹುಲ್ಲು ತಿಂತೀಯಾ?"

"ಥೂ, ಹೋಗೋ," ಎಂದು ಅಮ್ಮ ನಕ್ಕಳು.

"ಹುಲ್ಲೂ ಹೋಲಿಕೆ, ಕುರುಬನ ಕೋಲೂ ಹೋಲಿಕೆ. ಪದ್ಯ ಕಟ್ಟಿರೋದೇ ಹಾಗೆ. ದೇವರು ಕಾಯ್ತಾನೆ ಅನ್ನೋದಷ್ಟೇ ಅದರ ಅರ್ಥ. ಮಾತ್ರೆ ಬೇಡ ಅಂತ ಎಲ್ಲೂ ಇಲ್ಲ." ಅವಳ ಸತ್ಯವೇದದಲ್ಲೇ ಗೆರೆ ಎಳೆದು ತೋರಿಸಿದ.

ಅಮ್ಮ ಬಹಳ ಹೊತ್ತು ಆ ಗೆರೆಗಳನ್ನು ನೋಡಿದಳು. ಆಮೇಲೆ ನನ್ನತ್ತ ಕೈ ಚಾಚಿದಳು. ಎದ್ದೆನೋ ಬಿದ್ದೆನೋ ಎಂದು ಓಡಿ ಮಾತ್ರೆ, ನೀರು ತಂದುಕೊಟ್ಟೆ. ಅಬ್ಬ, ಗೆದ್ದೆವು ಅಂದುಕೊಂಡೆ.

ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡೇ ಅವಳು ಪುಟ ತಿರುಗಿಸಿದಳು. ಪರಲೋಕದ ದೇವರ ಮನೆಯಲ್ಲಿ ಬೇಕಾದಷ್ಟು ಕೋಣೆಗಳಿವೆ ಎನ್ನುವ ಮಾತು ಅಲ್ಲಿತ್ತು. ಅಪ್ಪನನ್ನು ಮಣ್ಣು ಮಾಡಿದ ದಿನ ಓದಿದ್ದು ಅದನ್ನೇ.

"ಇದಕ್ಕೂ ಗೆರೆ ಎಳೀತೀಯೇನಪ್ಪಾ? ನಿಮ್ಮಪ್ಪ ಇರೋ ಕೋಣೆ ಇದು."

ಅಣ್ಣನ ಕೈ ಅಲ್ಲೇ ನಿಂತಿತು. ಹೋಲಿಕೆ ಅಂದರೆ ಅಪ್ಪನನ್ನು ಅವಳಿಂದ ಇನ್ನೊಮ್ಮೆ ಕಿತ್ತುಕೊಂಡ ಹಾಗೆ. ನಿಜ ಅಂದರೆ ಕುರುಬನೂ ನಿಜವೇ, ಮಾತ್ರೆ ಮತ್ತೆ ಡಬ್ಬಿಗೆ. ಏನಾದರೂ ಬೊಗಳೋ ಎಂದು ಕಣ್ಣಲ್ಲೇ ಅಂಗಲಾಚಿದೆ. ಸುಳ್ಳು ಹೇಳಲು ಬಾರದ ಪ್ರಾಣಿ ಅದು. ಅವನ ಮೇಲೆ ಒಳಗೊಳಗೇ ಉರಿದೆ.

"ಗೊತ್ತಿಲ್ಲಮ್ಮ," ಅಂದ ಕೊನೆಗೆ. ಅವನ ಕಣ್ಣು ತುಂಬಿತ್ತು.

ಅಮ್ಮ ಅವನ ತಲೆ ಸವರಿದಳು. "ಹೋಗ್ಲಿ ಬಿಡು ಮಗಾ. ನಾನೇ ಹೋಗಿ ನೋಡ್ತೀನಿ," ಎಂದು, ಬೆವರಿಗೆ ಅರ್ಧ ಕರಗಿದ ಮಾತ್ರೆಯನ್ನು ನನ್ನ ಕೈಗೆ ಹಾಕಿದಳು.