ಸೂರ್ಯನ ಮುಖ ತೊಳೆದವರು

ಸೂರ್ಯನ ಮುಖ ತೊಳೆದವರನ್ನು ನೀವು ಕಂಡಿದ್ದೀರಾ? ನಮ್ಮ ಕನಕಪುರದಲ್ಲಿ ಕಳೆದ ವಾರ ಆ ಕೆಲಸವೂ ಆಯಿತು. ಅದೂ ಬಿಟ್ಟಿಯಾಗಿ.

ನನ್ನ ಹೆಂಡತಿ ಸುಮಾ ಊರಾಚೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಈ ಸಲದ ವಿಜ್ಞಾನ ಪ್ರದರ್ಶನಕ್ಕೆ ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು ಆರಿಸಿಕೊಂಡಿದ್ದಳು. ಸೂರ್ಯನನ್ನೇ ದಿಟ್ಟಿಸುತ್ತಾ ಬಾಹ್ಯಾಕಾಶದಲ್ಲಿ ಕೂತಿರುವ ನೌಕೆಯೊಂದು ಕಳಿಸಿದ ಚಿತ್ರ ಬೇಕಿತ್ತು. ಸೈಬರ್ ಕೆಫೆಯಲ್ಲಿ ನಮ್ಮಿಬ್ಬರ ಭಾನುವಾರ ಮುಗಿಯಿತು. ಅರ್ಧ ಚಿತ್ರ ಇಳಿದಾಗ ಕರೆಂಟ್ ಹೋಯಿತು. ಮುಕ್ಕಾಲು ಇಳಿದಾಗ ಲೈನ್ ಹೋಯಿತು.

“ಇಲ್ಲಿಗೇ ಇಷ್ಟು ಕಷ್ಟ. ಅಷ್ಟು ದೂರದಿಂದ ಹೆಂಗೆ ಬರುತ್ತೆ?” ಎಂದೆ.

“ಅಲ್ಲಿಂದ ಬರೋ ದಾರಿನೂ ಕಿರಿದೇ. ಅದಕ್ಕೇ ನೌಕೆ ಚಿತ್ರನ ಒತ್ತಿ ಸಣ್ಣದು ಮಾಡಿ ಕಳಿಸುತ್ತೆ. ಸುತ್ತಲಿನ ಕತ್ತಲೆ ಬೇಕಾದ್ರೆ ಬಿಡುತ್ತೆ, ಕಲೆ ಮಾತ್ರ ಬಿಡಲ್ಲ” ಎಂದಳು.

ಸಂಜೆಗೆ ಅಂತೂ ಪೂರ್ತಿ ಇಳಿದ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಲು ಫ್ಲೆಕ್ಸ್ ಅಂಗಡಿಗೆ ಕೊಟ್ಟೆವು. ಪಾಪ, ಆ ನೌಕೆಗೆ ನಮ್ಮೂರಿನ ಫ್ಲೆಕ್ಸ್ ಅಂಗಡಿ ಗೊತ್ತಿರಲಿಲ್ಲ.

ಫ್ಲೆಕ್ಸ್ ಖರ್ಚು ಶಾಲೆಯ ಹಿಂದಿನ ಜಲ್ಲಿ ಕ್ರಷರ್‌ನ ಸಾಹುಕಾರರದು. ಹಾಗಾಗಿ ಮುಖ್ಯ ಅತಿಥಿಯೂ ಅವರೇ. ಪ್ರದರ್ಶನದ ಬೆಳಿಗ್ಗೆ ಬಿಚ್ಚಿ ನೋಡಿದರೆ ಸಾಹುಕಾರರ ಮುಖ ಚಕ್ಕಡಿ ಚಕ್ರದಷ್ಟಿತ್ತು, ಸೂರ್ಯ ಮೂಲೆಯಲ್ಲಿ ಉದ್ದಿನ ವಡೆಯಷ್ಟಿದ್ದ. (ಒತ್ತಿ ಸಣ್ಣದು ಮಾಡುವ ವಿದ್ಯೆ ನಮಗೂ ಬರುತ್ತದೆ.) ಹೋಗಲಿ ಎಂದರೆ, ಆ ಸೂರ್ಯನ ಮೇಲೆ ಒಂದೇ ಒಂದು ಕಲೆ ಇರಲಿಲ್ಲ.

“ಕಲೆಗಳೆಲ್ಲಿ ಪುಟ್ಟಸ್ವಾಮಿ?” ಸುಮಾ ಫ್ಲೆಕ್ಸ್ ಅಂಗಡಿಯವನನ್ನು ಕೇಳಿದಳು.

“ಒರೆಸ್ಬುಟ್ಟೆ ಟೀಚರಮ್ಮ. ಸಾವ್ಕಾರ್ರ ಮೊಖದ್ದು ಒರೆಸ್ತಾ ಇದ್ದೆ, ಅಂಗೇ ಸೂರ್ಯಂದೂ ಒಸಿ ಕ್ಲೀನ್ ಮಾಡ್ದೆ. ಅದುಕ್ಕೇನೂ ಕೊಡ್ಬ್ಯಾಡಿ.”

ವಾರವಿಡೀ ಕಲೆಗಳ ಬಗ್ಗೆ ಮಾತಾಡಲು ತಯಾರಾಗಿದ್ದ ಹುಡುಗಿಯರು ಪೆಚ್ಚಾಗಿ ನಿಂತರು. ಹೆಡ್‌ಮಾಸ್ತರು ಕೂಡಲೇ ಪರಿಹಾರ ಕೊಟ್ಟರು: “ಭಾಷಣದಲ್ಲೂ ಕಲೆ ತೆಗೆದುಬಿಡಿ ಮೇಡಂ.”

“ಮನೇಲಿರೋ ಹಳೇ ಬೈನಾಕ್ಯುಲರ್ ತಗೊಂಡ್ಬನ್ನಿ” ಎಂದಳು ಸುಮಾ ನನಗೆ. ಓಡಿಹೋಗಿ ತಂದುಕೊಟ್ಟೆ. ಅದನ್ನು ಅಂಗಳದ ಸ್ಟೂಲಿಗೆ ಕಟ್ಟಿ, ಯಾರೂ ಅದಕ್ಕೆ ಕಣ್ಣಿಡದಂತೆ ಗದರಿ, ಅದರಿಂದ ಹಾಯ್ದ ಬಿಸಿಲನ್ನು ಒಂದು ಬಿಳಿ ಹಾಳೆಯ ಮೇಲೆ ಬೀಳಿಸಿದಳು. ಹಾಳೆಯ ಮೇಲೆ ದುಂಡನೆಯ ಸೂರ್ಯ. ಅವನ ಮೈಮೇಲೆ ಎರಡು ಕಪ್ಪು ಚುಕ್ಕೆ. ಹುಡುಗಿಯರು ಒಬ್ಬರನ್ನೊಬ್ಬರು ತಳ್ಳಿಕೊಂಡು ಬಂದರು.

ಅಷ್ಟರಲ್ಲಿ ಬಂದ ಸಾಹುಕಾರರೂ ಬಗ್ಗಿ ನೋಡಿದರು. “ಇದು ನಮ್ ಸೂರ್ಯನಾ, ಫಾರಿನ್‌ದಾ?”

“ಇರೋನು ಒಬ್ಬನೇ ಸಾರ್” ಎಂದಳು ಸುಮಾ.

ಹುಡುಗಿಯೊಬ್ಬಳು ವಿವರಿಸಲು ಬಾಯಿ ತೆರೆದಳು. ಹಿಂದುಗಡೆ ಗಡಗಡ ಶುರುವಾಯಿತು. ಬಿಳಿ ಧೂಳು ಶಾಲೆಯ ಮಾಡಿನ ಮೇಲೆ ಎದ್ದಿತು. ಹಾಳೆಯ ಮೇಲಿನ ಸೂರ್ಯ ಮಂಕಾದ, ಚುಕ್ಕೆಗಳು ಮಾಯವಾದವು.

“ನಿಮ್ಮ ಕ್ರಷರ್ ಸಾರ್. ದಿನಾ ಹಿಂಗೇ. ಇನ್ನು ಏನೂ ಕಾಣಲ್ಲ” ಎಂದಳು ಸುಮಾ, ಎಲ್ಲರಿಗೂ ಕೇಳುವ ಹಾಗೆ.

ಹೆಡ್‌ಮಾಸ್ತರು ಕೆಮ್ಮಿದರು. (ಧೂಳಿಗಲ್ಲ.) ಸಾಹುಕಾರರು ಅವಳನ್ನೊಮ್ಮೆ, ಮಕ್ಕಳನ್ನೊಮ್ಮೆ ನೋಡಿ ಮೊಬೈಲ್ ತೆಗೆದರು.

“ಲೇ, ಒಂದ್ ಗಂಟೆ ನಿಲ್ಸ್ಲಾ ಅದ. ಇಲ್ಲಿ ಮಕ್ಳು ಸೂರ್ಯನ್ ನೋಡ್ತಾ ಅವೆ.”

ಧೂಳು ಇಳಿಯಿತು. ಚುಕ್ಕೆಗಳು ಬಂದವು. ಹುಡುಗಿಯರು ಒಂದು ಮಾತೂ ಬಿಡದೆ ಹೇಳಿ ಮುಗಿಸಿದರು. ಸರಿಯಾಗಿ ಒಂದು ಗಂಟೆ ಕಳೆದ ಮೇಲೆ ಕ್ರಷರ್ ಮತ್ತೆ ಗುಡುಗಿತು.

ಹದಿನೈದು ಕೋಟಿ ಕಿಲೋಮೀಟರನ್ನು ಯಾರನ್ನೂ ಕೇಳದೆ ದಾಟಿ ಬರುವ ಬೆಳಕು, ಕೊನೆಯ ಅರ್ಧ ಕಿಲೋಮೀಟರಿಗೆ ಮಾತ್ರ ಸಾಹುಕಾರರ ಪರ್ಮಿಷನ್ ತಗೋಬೇಕು.