ಮಂಕರಿಯಡಿಯ ಹೊಸ ಕೋಳಿ

ಹಾಸನದಲ್ಲಿ ನಮ್ಮ ಪಕ್ಕದ ಮನೆಯಾಕೆ ಹಿತ್ತಲಲ್ಲಿ ಏಳೆಂಟು ನಾಟಿಕೋಳಿ ಸಾಕಿದ್ದರು. ಸಂಜೆ ಅವು ಗೂಡು ಸೇರುವ ಹೊತ್ತಿಗೆ ಒಂದೊಂದನ್ನೂ ಎತ್ತಿಕೊಂಡು, ಕತ್ತಿನ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲವನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದರು. ಅದರಲ್ಲಿ ಏನು ತಿಳಿಯುತ್ತದೋ ಎಂಬ ಕುತೂಹಲಕ್ಕೆ ಕಾಂಪೌಂಡಿನಾಚೆಯಿಂದ ಕೇಳಿದ್ದೆ.

"ಒಟ್ಟೆ ತುಂಬೈತೋ ಇಲ್ವೋ ಗೊತ್ತಾಯ್ತದೆ. ಕೋಳಿ ಬಾಯ್ಬುಟ್ಟು ಯೋಳಕಿಲ್ಲ ಕಣವ್ವ," ಎಂದಿದ್ದರು. ಆಮೇಲೆ ಏನು ಕೇಳಿದರೂ ಅದೇ ಮಾತು.

ಹೊಸ ಕೋಳಿ ಬಂದರೆ ಹದಿನೈದು ದಿನ ದೂರದ ಮೂಲೆಯಲ್ಲಿ ಬಿದಿರಿನಿಂದ ಹೆಣೆದ ಮಂಕರಿ ಕವುಚಿ ಒಂಟಿಯಾಗಿಡುತ್ತಿದ್ದರು. ಅದಕ್ಕೆ ನೀರಿಟ್ಟ ಮೇಲೆ ಕೈಕಾಲು ತೊಳೆಯದೆ ಉಳಿದವುಗಳ ಹತ್ತಿರ ಸುಳಿಯುತ್ತಿರಲಿಲ್ಲ. ರಾಮನಾಥಪುರದ ತಂಗಿ ಪ್ರೀತಿಯಿಂದ ತಂದ ಹುಂಜಕ್ಕೂ ಮಂಕರಿಯೇ ಗತಿಯಾಯಿತು. "ನಮ್ಮನೇದ್ಕೂ ಇಂಗೇನಕ್ಕ?" ಎಂದು ತಂಗಿ ಮುಖ ಊದಿಸಿಕೊಂಡರೂ ಮಂಕರಿ ಎತ್ತಲಿಲ್ಲ.

ಕಳೆದ ವರ್ಷ ಆ ತಂಗಿಯ ಮನೆಯ ಕೋಳಿಗಳು ರೋಗ ತಗುಲಿ ಕತ್ತು ತಿರುಚಿಕೊಂಡು ಒಂದೊಂದಾಗಿ ಸತ್ತವು. ಈಕೆ ಹೋಗಿ, ಸತ್ತವನ್ನು ಹೂಳಲು ಕೈಜೋಡಿಸಿ, ಸಂಜೆಯ ಬಸ್ಸಿಗೆ ಮರಳಿದರು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ನನ್ನನ್ನು ಕೂಗಿದರು.

"ಇವತ್ತಿಂದ ನಾನೂ ಒಸ ಕೋಳೀನೇ ಕಣವ್ವ. ಹದಿನೈದು ದಿನ ನೀನೇ ನೋಡ್ಕ."

ಹಿತ್ತಲ ಬಾಗಿಲು ಹಾಕಿದವರು ಆ ಹದಿನೈದು ದಿನವೂ ತೆರೆಯಲಿಲ್ಲ. ನಾನು ಗೂಡು ಮುಚ್ಚುವಾಗ ಪ್ರತಿದಿನ ಅಡುಗೆಮನೆ ಕಿಟಕಿಯ ಸರಳುಗಳ ನಡುವೆ ಅವರ ಮುಖ ಕಾಣುತ್ತಿತ್ತು.

"ಎಲ್ಲಾವ್ಕೂ ಒಟ್ಟೆ ತುಂಬೈತಾ? ಒತ್ತಿ ನೋಡ್ದ್ಯಾ?"